ಆಮೆಯ ಗಡಿಯಾರಕ್ಕೆ ನಾನು ಮಾಡಿದ ರಿಪೇರಿ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ನಾನು ಊಟದ ಮೇಜಿನ ಮೇಲೆ ಹಳೆಯ ವಿಡಿಯೋ ಪ್ಲೇಯರಿನ ಹೊಟ್ಟೆ ಬಿಚ್ಚಿಟ್ಟುಕೊಂಡು, ಹತ್ತಿಕಡ್ಡಿಯಿಂದ ಅದರ ಧೂಳು ತೆಗೆಯುತ್ತಿದ್ದೆ. ಕೈಗೊಂಡದ್ದು ಸಣ್ಣ ಕೆಲಸವಲ್ಲ. ಒಂದು ಇಡೀ ತಲೆಮಾರಿನ ಬಾಲ್ಯವನ್ನು ಒಬ್ಬನೇ ಕಾಪಾಡುವುದೆಂದು ಪಣ ತೊಟ್ಟಿದ್ದೆ.

ನಾನು ಚಿಕ್ಕವನಿದ್ದಾಗ ಟೀವಿಯಲ್ಲಿ ‘ಆಮೆಯಜ್ಜಿಯ ಅಂಗಳ’ ಅಂತ ಒಂದು ಗೊಂಬೆಯಾಟ ಬರುತ್ತಿತ್ತು. ಬಟ್ಟೆಯ ಆಮೆ, ಹಿಂದೆ ಟಿಕ್ ಟಿಕ್ ಎನ್ನುವ ಗಡಿಯಾರ, ಅಷ್ಟೇ. ಆಮೆಯಜ್ಜಿ ಒಂದು ವಾಕ್ಯ ಮುಗಿಸುವುದರೊಳಗೆ ನಾನು ಒಂದು ಲೋಟ ಹಾಲು ಮುಗಿಸುತ್ತಿದ್ದೆ. ವಾಹಿನಿಯವರು ಮೂಲ ಟೇಪುಗಳನ್ನೆಲ್ಲ ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿಬಿಟ್ಟಿದ್ದರು. ಉಳಿದಿದ್ದು ನಮ್ಮಪ್ಪ ಟೀವಿಯಿಂದ ರೆಕಾರ್ಡ್ ಮಾಡಿಟ್ಟಿದ್ದ ನಾಲ್ಕು ಕ್ಯಾಸೆಟ್. ಅವನ್ನು ಪ್ರತಿ ಭಾನುವಾರ ಅಂತರ್ಜಾಲದಲ್ಲಿ ನೇರ ಪ್ರಸಾರ ಮಾಡುವುದು ನನ್ನ ಯೋಜನೆ.

“ಯಾರನ್ನಾದ್ರೂ ಕೇಳಿದ್ರಾ?” ಎಂದಳು ಹೆಂಡತಿ. ಶಾಲೆಯ ಗ್ರಂಥಾಲಯ ನೋಡಿಕೊಳ್ಳುವವಳು. ಯಾರಾದರೂ ಒಂದು ಪುಟ ಜೆರಾಕ್ಸ್ ಮಾಡಿದರೂ ಅವಳ ಹುಬ್ಬು ಮೇಲೇರುತ್ತದೆ.

“ಯಾರನ್ನ ಕೇಳೋದು? ಅಳಿಸಿ ಹಾಕಿದವರನ್ನಾ?”

“ಅಳಿಸಿದವರನ್ನಲ್ಲ ರೀ, ಮಾಡಿದವರನ್ನ. ಕಾಪಿರೈಟ್ ಅಂತ ಒಂದಿರುತ್ತೆ.”

“ದುಡ್ಡು ತಗೋತಿಲ್ಲ, ಜಾಹೀರಾತು ಹಾಕ್ತಿಲ್ಲ. ಬರೀ ಪ್ರೀತಿ ಕಣೇ.”

“ನಮ್ಮ ಲೈಬ್ರರಿ ಪುಸ್ತಕ ಹೊತ್ಕೊಂಡು ಹೋಗೋರೂ ಹಾಗೇ ಹೇಳ್ತಾರೆ.”

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿ ಅಷ್ಟರಲ್ಲಿ ಗಡಿಯಾರದ ಕಡೆಗಿತ್ತು. ತಕ್ಕಡಿ, ಗಡಿಯಾರಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಥರ್ಮಾಮೀಟರಿನ ಆರೋಗ್ಯ ವಿಚಾರಿಸುವ ಜಾತಿ ನನ್ನದು. ಆಮೆಯಜ್ಜಿಯ ಗಡಿಯಾರ ನಿಮಿಷಕ್ಕೆ ಅರವತ್ತರ ಬದಲು ಐವತ್ತಾರು ಸಲ ಟಿಕ್ ಎನ್ನುತ್ತಿತ್ತು. ಅಂದರೆ ಟೇಪು ನಿಧಾನವಾಗಿ ಓಡುತ್ತಿದೆ. ನಾಲ್ಕೂ ಕ್ಯಾಸೆಟ್ಟಿನಲ್ಲಿ ಅದೇ ದೋಷ. ಬುದ್ಧಿವಂತನಿಗೆ ಅಲ್ಲಿ ಅನುಮಾನ ಬರಬೇಕಿತ್ತು. ನನಗೆ ಆತ್ಮವಿಶ್ವಾಸ ಬಂತು. ಲೆಕ್ಕ ಹಾಕಿ ವೇಗ ಹೆಚ್ಚಿಸಿದೆ. ಪ್ರಸಾರದ ಆರಂಭದಲ್ಲಿ ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ: “ವೀಕ್ಷಕರೇ, ಇದು ಮೂಲಕ್ಕಿಂತ ಶೇಕಡಾ ಏಳರಷ್ಟು ಶುದ್ಧ.”

ಎರಡು ಭಾನುವಾರ ಜನ ಹೊಗಳಿದರು. ಮೂರನೆಯದಕ್ಕೆ ಒಂದು ಸಂದೇಶ ಬಂತು: “ಈ ಕಾರ್ಯಕ್ರಮದ ಹಕ್ಕು ನನ್ನದು. ನೀವು ಮಾಡಿರುವುದು ಸರಿಯಿಲ್ಲ. ಕೂಡಲೇ ಈ ನಂಬರಿಗೆ ಫೋನ್ ಮಾಡಿ.”

ಕಣ್ಣ ಮುಂದೆ ಕಟಕಟೆ ಬಂತು. ಪ್ರಯೋಗಾಲಯದ ಮೇಲಧಿಕಾರಿ ಬಂದು ನನ್ನ ಪ್ರಾಮಾಣಿಕತೆಯನ್ನೇ ತಕ್ಕಡಿಗೆ ಹಾಕಿದಂತಾಯಿತು. ಚಾನೆಲ್ ಅಳಿಸಿದೆ. ಕಂಪ್ಯೂಟರಿನಲ್ಲಿದ್ದ ಪ್ರತಿಗಳನ್ನು ಅಳಿಸಿದೆ. ಕ್ಯಾಸೆಟ್ಟುಗಳನ್ನು ಕಸದ ಚೀಲಕ್ಕೆ ತುಂಬಿ ಬಾಗಿಲಾಚೆ ಇಟ್ಟೆ. ವಾಹಿನಿಯವರು ವರ್ಷಗಟ್ಟಲೆ ಮಾಡಿದ ಕೆಲಸವನ್ನು ನಾನು ಅರ್ಧ ಗಂಟೆಯಲ್ಲಿ ಮುಗಿಸಿದ್ದೆ.

“ಫೋನ್ ಮಾಡಿದ್ರಾ?”

“ಯಾರಾದ್ರೂ ವಕೀಲರನ್ನ ಕೇಳಿ ಮಾಡ್ತೀನಿ.”

“ಕೇಳೋ ಅಭ್ಯಾಸ ಈಗ ಶುರುವಾಯ್ತಾ?” ಎಂದು ಅವಳೇ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ನನ್ನ ಮುಂದಿಟ್ಟಳು.

“ಯಾ...ರು?”

ಅದೇ ದನಿ. ವಯಸ್ಸಾಗಿತ್ತು, ಅವಸರ ಮಾತ್ರ ಇನ್ನೂ ಕಲಿತಿರಲಿಲ್ಲ. ಸಾಕ್ಷಾತ್ ಆಮೆಯಜ್ಜಿ. ನನ್ನ ಕೈ ತಾನಾಗಿಯೇ ಹಾಲಿನ ಲೋಟ ಹುಡುಕಿತು.

“ತಪ್ಪಾಯ್ತಮ್ಮ. ಎಲ್ಲ ಅಳಿಸಿಬಿಟ್ಟಿದ್ದೀನಿ, ಒಂದನ್ನೂ ಉಳಿಸಿಲ್ಲ,” ಎಂದೆ, ತುಸು ಹೆಮ್ಮೆಯಿಂದಲೇ.

“ಅಳಿಸು ಅಂತ ಯಾರಪ್ಪ ಹೇಳಿದ್ದು? ಸರಿಯಿಲ್ಲ ಅಂದೆ. ಆ ಗಡಿಯಾರ ಸರಿಯಿಲ್ಲ. ನನ್ನ ಆಮೆ ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಮಾತಾಡ್ತಿತ್ತು.”

“ಗಡಿಯಾರ ನಿಧಾನ ಇತ್ತಮ್ಮ. ನಾನು ಸರಿ ಮಾಡಿದೆ.”

“ಆಮೆ ಮನೆ ಗಡಿಯಾರ ಕಣಪ್ಪ ಅದು, ನಿಧಾನವಾಗೇ ಹೋಗ್ಬೇಕು. ನಮ್ಮ ಯಜಮಾನರು ಮೇಜಿನ ಕೆಳಗೆ ಕೂತು ಎರಡು ಮರದ ತುಂಡು ಬಡೀತಿದ್ರು. ಓಡೋ ಗಡಿಯಾರ ಮಕ್ಕಳಿಗೆ ಶಾಲೇಲಿ ಸಿಗುತ್ತೆ, ಇಲ್ಲಿ ಬೇಡ ಅನ್ನೋರು. ಅವರು ಹೋದಮೇಲೆ ಅವರದ್ದು ಅಂತ ಒಂದು ಸದ್ದೂ ನನ್ನ ಹತ್ರ ಉಳೀಲಿಲ್ಲ. ನಿಮ್ಮಲ್ಲಿ ಕೇಳಿಸ್ತು. ಆದರೆ ಅದು ಅವರ ಕೈ ಥರ ಇರಲಿಲ್ಲ.”

ಬರಿಗಾಲಲ್ಲಿ ಓಡಿದೆ. ಬಾಗಿಲಾಚೆ ಚೀಲವಿಲ್ಲ. ಬೀದಿಯ ತುದಿಯಲ್ಲಿ ಕಸದ ಲಾರಿ ತಿರುವು ದಾಟಿ ಹೋಯಿತು, ಒಬ್ಬರ ಗಂಡನನ್ನು ಹೊತ್ತುಕೊಂಡು. ಕಾಲೆಳೆಯುತ್ತ ಒಳಗೆ ಬಂದರೆ ಹೆಂಡತಿ ಒಗೆಯುವ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು. ಹೊದಿಕೆ ಸರಿಸಿದಳು. ಕೆಳಗೆ ನಾಲ್ಕೂ ಕ್ಯಾಸೆಟ್.

“ಮತ್ತೆ ಚೀಲದಲ್ಲಿ ಹೋಗಿದ್ದು?”

“ಕಸ ರೀ. ಕಸದ ಚೀಲದಲ್ಲಿ ಇನ್ನೇನು ಹೋಗ್ಬೇಕು? ನೀವು ಎಸೆಯೋದು, ನಾನು ಎತ್ತಿಡೋದು ಇದೇ ಮೊದಲಾ?”

ಫೋನಿನಲ್ಲಿ ಕಾಯುತ್ತಿದ್ದ ಆಮೆಯಜ್ಜಿಗೆ ಟೇಪು ಉಳಿದಿದೆ ಎಂದೆ. ಬುಟ್ಟಿ ತೆಗೆದುಕೊಂಡು ಹೋಗಿ ನಾನೇ ಬಟ್ಟೆ ಒಗೆದೆ.

ಮೂಲ ವೇಗದ ಪ್ರತಿ ಮಾಡಿ ಆಮೆಯಜ್ಜಿಯ ಮನೆಗೆ ಒಯ್ದೆವು. ಅವರು ಕಣ್ಣು ಮುಚ್ಚಿ ಕೇಳಿದರು. ಕುರ್ಚಿಯ ತೋಳಿನ ಮೇಲೆ ಅವರ ಬೆರಳು ಗಡಿಯಾರದ ಜೊತೆಗೇ ಬೀಳುತ್ತಿತ್ತು, ಒಂದೂ ತಪ್ಪದೆ. ಮುಗಿದ ಮೇಲೆ, “ಹೂಂ, ಇವರೇ,” ಎಂದರು.

ಪ್ರಸಾರಕ್ಕೆ ಅನುಮತಿ ಸಿಕ್ಕಿತು. ಹೆಂಡತಿಯ ಒತ್ತಾಯಕ್ಕೆ ಲಿಖಿತವಾಗಿಯೇ ಸಿಕ್ಕಿತು. ಜೊತೆಗೊಂದು ಷರತ್ತು: ಆರಂಭದ ಮಾತು ಇನ್ನು ಮೇಲೆ ಅವರದು, ಗಡಿಯಾರದ ಕೆಲಸ ನನ್ನದು.

ಮುಂದಿನ ಭಾನುವಾರ ಅವರು ನಮ್ಮ ಊಟದ ಮೇಜಿನ ಮುಂದೆ ಗೊಂಬೆ ಹಿಡಿದು ಕೂತರು. ಮೇಜಿನ ಕೆಳಗೆ, ಮೊಣಕಾಲು ಮಡಿಸಿಕೊಂಡು, ಅವರ ಯಜಮಾನರ ಮರದ ತುಂಡು ಹಿಡಿದು ನಾನು.

“ನಿಧಾನ ಕಣಪ್ಪ,” ಎಂದು ಪಿಸುಗುಟ್ಟಿ, ಕ್ಯಾಮೆರಾದತ್ತ ತಿರುಗಿದರು. “ಮಕ್ಕಳೇ, ನಮ್ಮ ಗಡಿಯಾರಾನ ಒಬ್ಬರು ರಿಪೇರಿ ಮಾಡಿದ್ರು. ಪುಣ್ಯಕ್ಕೆ ಅದು ಮತ್ತೆ ಕೆಟ್ಟಿದೆ. ಇವತ್ತಿನ ಆಟ ಎಷ್ಟು ಅಶುದ್ಧ ಅಂತ ಅವರ ಬಾಯಿಂದಲೇ ಕೇಳೋಣ.”

ಬಟ್ಟೆಯ ಆಮೆ ಬಾಯಲ್ಲಿ ಮೈಕು ಕಚ್ಚಿಕೊಂಡು ಮೇಜಿನ ಕೆಳಗೆ ಇಣುಕಿತು. ಅದರ ಹಿಂದೆ ಹೆಂಡತಿಯ ಮುಖವೂ ಇಣುಕಿತು. ನಾನು ಟಿಕ್ ತಪ್ಪದಂತೆ ನೋಡಿಕೊಂಡು, ಆದಷ್ಟು ನಿಧಾನವಾಗಿ ಹೇಳಿದೆ:

“ಶೇಕಡಾ ಏಳು.”