ಗಂಡಭೇರುಂಡ ಸೋಲ್ನಾ ಬಿಡುವುದಿಲ್ಲ

ನಮ್ಮ ತಂಡವನ್ನು ನನ್ನ ಹೆಂಡತಿ ನಿವೇದಿತಾ ‘ದೋಸೆ ಸಂಘ’ ಎಂದು ಕರೆಯುತ್ತಾಳೆ. ಒಬ್ಬ ಕ್ಲಬ್ ಅಧ್ಯಕ್ಷನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ ಹೇಳಿ? ನಮ್ಮ ನೋಂದಾಯಿತ ಹೆಸರು ‘ಸೋಲ್ನಾ ಗಂಡಭೇರುಂಡ ವೃತ್ತಿಪರ ಬೇಸ್‌ಬಾಲ್ ಕ್ಲಬ್’. ಸೋಲ್ನಾ ಎಂದರೆ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿಗೆ ಅಂಟಿಕೊಂಡ ನಮ್ಮ ಊರು. ಟೋಪಿಯ ಮೇಲೆ ಎರಡು ತಲೆಯ ಹಕ್ಕಿಯಿದೆ. (ಸ್ಟಾಕ್‌ಹೋಮಿನ ಎದುರಾಳಿಗಳು ಅದನ್ನು ಕಾಯಿಲೆ ಬಿದ್ದ ಬಾತುಕೋಳಿ ಎಂದುಕೊಂಡಿದ್ದಾರೆ, ಆ ಮಾತು ಬೇರೆ.)

ಹನುಮಂತನಗರದಲ್ಲಿ ಹುಟ್ಟಿ, ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಎದುರುಮನೆಯ ಗಾಜು ಒಡೆದು ಬೆಳೆದ ಬದರಿನಾಥನೆಂಬ ನನಗೆ ಬೇಸ್‌ಬಾಲ್ ಎಲ್ಲಿಂದ ಅಂಟಿಕೊಂಡಿತು ಎಂದು ನೀವು ಕೇಳಬಹುದು. ಕೊಮ್ಮುನ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ನಾವು ಕ್ರಿಕೆಟ್ ಮೈದಾನ ಬೇಕೆಂದು ಅರ್ಜಿ ಹಾಕಿದಾಗ ಸರದಿಯಲ್ಲಿ ನಮಗಿಂತ ಮುಂದೆ ಹದಿನಾಲ್ಕು ತಂಡಗಳಿದ್ದವು. ಬೇಸ್‌ಬಾಲ್ ಮೈದಾನವೊಂದು ಮಾತ್ರ ಯಾರಿಗೂ ಬೇಡವಾಗಿ ಬಿದ್ದಿತ್ತು. “ಅದೇ ಆಟ ಕಣ್ರೋ, ಸ್ಟಂಪ್ ಇರಲ್ಲ ಅಷ್ಟೇ” ಎಂದು ನಾನು ನಮ್ಮ ಹುಡುಗರನ್ನು ಒಪ್ಪಿಸಿದೆ. ಹುಡುಗರೆಂದರೆ ನಲವತ್ತರ ಆಸುಪಾಸಿನ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಸಾಫ್ಟ್‌ವೇರ್ ಇಂಜಿನಿಯರುಗಳು.

ಇನ್ನು ‘ವೃತ್ತಿಪರ’ ಎಂಬ ಮಾತು. ಸಂಬಳ ಪಡೆದು ಆಡುವ ಆಟಗಾರ ಒಬ್ಬನಿದ್ದರೂ ತಂಡ ವೃತ್ತಿಪರವೇ ಎಂಬುದು ನನ್ನ ವಾದ. ನಮ್ಮಲ್ಲಿ ಅಂಥವನೊಬ್ಬ ಇದ್ದ. ಹೆಸರು ಯೋರಾನ್, ನಿವೃತ್ತ ವ್ಯಾಯಾಮ ಮೇಷ್ಟ್ರು, ಬೇಸ್‌ಬಾಲ್ ಎಂದರೇನೆಂದು ತಿಳಿದಿದ್ದ ನಮ್ಮ ಏಕಮಾತ್ರ ಸದಸ್ಯ. ಚೆಂಡು ಎಸೆಯುವುದು ಅವನ ಕೆಲಸ. ಸಂಬಳ ಪಂದ್ಯಕ್ಕೆ ಮೂರು ಮಸಾಲೆ ದೋಸೆ. ಜುಲೈನಲ್ಲಿ ಇಡೀ ಸ್ವೀಡನ್ ರಜೆ ಹಾಕಿದಾಗ, ರಜೆಯ ಸಂಬಳ ಕೊಡುವುದು ಈ ದೇಶದ ಕಾನೂನು ಎಂದು ಹೇಳಿ ಹನ್ನೆರಡು ದೋಸೆಗಳನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಹೋದ. ಅಕ್ಕಿ ನೆನೆಸಿ, ರುಬ್ಬಿ, ಹುಯ್ದು ಕೊಟ್ಟವಳು ನಿವೇದಿತಾ. ದೋಸೆ ಸಂಘ ಎಂಬ ಹೆಸರು ಬಂದದ್ದು ಹೀಗೆ.

ನಾವು ಆಡಿದ್ದು ಹತ್ತೊಂಬತ್ತು ಪಂದ್ಯ, ಸೋತದ್ದೂ ಅಷ್ಟೇ. ಇದಕ್ಕೆ ನಮ್ಮ ಸಂಸ್ಕಾರವೇ ಕಾರಣ. ಬೇಸ್‌ಬಾಲಿನಲ್ಲಿ ಚೆಂಡನ್ನು ಹೊಡೆದ ತಕ್ಷಣ ಬ್ಯಾಟನ್ನು ಬಿಸಾಡಿ ಮೊದಲ ಬೇಸಿಗೆ, ಅಂದರೆ ನೆಲದ ಮೇಲಿನ ಚೌಕದ ದಿಂಬಿಗೆ, ಓಡಬೇಕಂತೆ. ಬ್ಯಾಟ್ ಬಿಸಾಡುವುದೇ? ಸರಸ್ವತಿಗೆ ಸಮಾನವಾದ ವಸ್ತುವನ್ನು? ಎಲ್ಲರಿಗಿಂತ ಮೊದಲು ಆಡಲು ಹೋಗುತ್ತಿದ್ದ ನಾನು ಪ್ರತಿಸಲವೂ ಬ್ಯಾಟ್ ಹಿಡಿದೇ ಓಡಿದೆ. ಬೇಸ್ ಇನ್ನೂ ಒಂದು ಮಾರು ದೂರ ಇರುವಾಗಲೇ ಬಗ್ಗಿ, ಬ್ಯಾಟ್ ಚಾಚಿ, ಅದರ ತುದಿಯನ್ನು ಬೇಸಿಗೆ ಮುಟ್ಟಿಸಿ, ಗೆದ್ದೆನೆಂದು ನಿಂತೆ. ಮುಟ್ಟಬೇಕಾದದ್ದು ಕಾಲು. ಔಟ್! ಇನ್ನು ಕೆಲವು ಸಲ ಮೊಣಕೈ ಎತ್ತಿ, ತಲೆ ಬಗ್ಗಿಸಿ, ಚೆಂಡನ್ನು ಕಾಲ ಬುಡದಲ್ಲೇ ಸಾಯಿಸಿ, ಚಪ್ಪಾಳೆಗಾಗಿ ಕಾದೆ. ಅಂಥ ಡಿಫೆನ್ಸ್ ನೋಡಿದ್ದರೆ ಹನುಮಂತನಗರ ಎದ್ದು ನಿಲ್ಲುತ್ತಿತ್ತು. ಇಲ್ಲಿ ಯೋರಾನ್ ಎದ್ದು ನಿಂತು “ಸ್ಲೆಪ್! ಸ್ಲೆಪ್!” ಎಂದು ಕಿರುಚುತ್ತಿದ್ದ. ಬಿಡು, ಕೈಬಿಡು ಎಂದರ್ಥ.

ಪ್ರೇಕ್ಷಕರು ಮೂವರು. ನಿವೇದಿತಾ, ಒಂಬತ್ತು ವರ್ಷದ ಮಗಳು ಇರಾ, ಮತ್ತು ನಾಯಿ ಅಡ್ಡಾಡಿಸಲು ಬರುವ ಒಬ್ಬ ಅಜ್ಜಿ. (ನಾಯಿಯನ್ನು ಸೇರಿಸಿದರೆ ನಾಲ್ಕು.) ಪಂದ್ಯ ಮುಗಿದ ಮೇಲೆ ಇರಾ ಪುಸ್ತಕದಿಂದ ತಲೆಯೆತ್ತಿ ಒಂದೇ ಮಾತು ಕೇಳುತ್ತಿದ್ದಳು, “ಇಯೆನ್?” ಸ್ವೀಡಿಷಿನಲ್ಲಿ ‘ಇನ್ನೊಂದು ಸಲವಾ?’ ಎಂದು.

“ಊರಿನ ಹೆಸರಲ್ಲೇ ಸೋಲಿದೆ, ಪಾಪ ನೀವೇನ್ಮಾಡ್ತೀರಿ” ಎಂದು ನಿವೇದಿತಾ ಸಮಾಧಾನ ಹೇಳುತ್ತಿದ್ದಳು. ಅವಳ ಸಮಾಧಾನ ಯಾವಾಗಲೂ ಹೀಗೆಯೇ.

ಹೀಗಿರುವಾಗ ದೇಶದ ದಕ್ಷಿಣ ತುದಿಯ ಊರಾದ ಹೆಲ್ಸಿಂಗ್‌ಬೋರ್ಯ್‌ನಿಂದ ಲಾರೆನ್ಸ್ ಎಂಬವರ ಫೋನು ಬಂತು. ಮಂಗಳೂರಿನವರು, ಅಲ್ಲಿಯ ಬಂದರಿನಲ್ಲಿ ದೊಡ್ಡ ಹುದ್ದೆ. “ನೋಡಿ ಬದರಿನಾಥರೇ, ನಮ್ಮಲ್ಲಿ ಒಳ್ಳೆ ಬೇಸ್‌ಬಾಲ್ ಗ್ರೌಂಡ್ ಉಂಟು, ಶೆಡ್ ಉಂಟು, ನೋಡ್ಲಿಕ್ಕೆ ಜನ ಉಂಟು. ತಂಡ ಮಾತ್ರ ಇಲ್ಲ ಮಾರಾಯ್ರೇ. ನಿಮ್ದನ್ನು ಹೆಸರು, ಟೋಪಿ ಸಮೇತ ಇಲ್ಲಿಗೆ ಕೊಡಿ. ನಿಮ್ಮವರು ಒಂದು ನಾಲ್ಕು ಜನ ರೈಲಲ್ಲಿ ಬಂದು ಆಡಿದ್ರೆ ಸಾಕು, ಉಳಿದವ್ರು ನಮ್ಮಲ್ಲೇ ಇದ್ದಾರೆ.”

ನನ್ನ ರಕ್ತ ಕುದಿಯಿತು. ಅಮೆರಿಕದಲ್ಲಿ ಸೋಲುವ ತಂಡಗಳನ್ನು ಮಾಲೀಕರು ಹೀಗೆಯೇ ಊರಿಂದೂರಿಗೆ ಎತ್ತಿಕೊಂಡು ಹೋಗುತ್ತಾರೆ, ಬಿಟ್ಟುಹೋದ ಊರಿನ ಜನ ಖಾಲಿ ಮೈದಾನದ ಮುಂದೆ ಬೋರ್ಡು ಹಿಡಿದು ಅಳುತ್ತಾರೆ ಎಂದು ನಾನು ಓದಿದ್ದೆ. ಆ ಅನ್ಯಾಯ ಸೋಲ್ನಾಕ್ಕೆ ಆಗಬಾರದು. (ಸೋಲ್ನಾದಲ್ಲಿ ಅಳುವವರು ಯಾರೆಂದು ಆಗ ಯೋಚಿಸಲಿಲ್ಲ. ಅಜ್ಜಿ ಅಳಬಹುದಿತ್ತು.) ಆದರೆ ತಂಡದ ಕಾರ್ಯದರ್ಶಿ ಗೋಪೀನಾಥನೇ “ಸಾರ್, ಆಫರ್ ಚೆನ್ನಾಗಿದೆ” ಎಂದು ಬಾಯಿ ಬಿಟ್ಟ. ಅರ್ಧ ತಂಡ ಅವನ ಕಡೆ. ವಾರ್ಷಿಕ ಸಭೆಯಲ್ಲಿ ಮತಕ್ಕೆ ಹಾಕುವುದೆಂದಾಯಿತು.

ಮರುದಿನದಿಂದ ನಾನು ಊಟ, ನಿದ್ರೆ ಬಿಟ್ಟೆ. (ನಿದ್ರೆ ಬಿಡಲಿಲ್ಲ, ಊಟವನ್ನೂ ಬಿಡಲಿಲ್ಲ, ಹಾಗೆ ಹೇಳುವುದು ರೂಢಿ.) ಸ್ಥಳಾಂತರ ವಿರೋಧಿ ಸಹಿ ಸಂಗ್ರಹ ಆರಂಭಿಸಿದೆ. ಮೊದಲ ಸಹಿಗೆ ಅಡುಗೆಮನೆಗೆ ಹೋದೆ.

“ರೀ, ನಂಗೂ ಹೆಲ್ಸಿಂಗ್‌ಬೋರ್ಯ್ ವಿಷ್ಯ ಒಂದು ಹೇಳ್ಬೇಕು” ಎಂದಳು ನಿವೇದಿತಾ, ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ. “ಅಲ್ಲಿನ ಫರ್ನಿಚರ್ ಕಂಪನಿಯವ್ರು ಎರಡನೇ ಇಂಟರ್‌ವ್ಯೂಗೆ ಕರೆದಿದಾರೆ.”

“ಒಳ್ಳೇದು, ಕೊಡು. ಅನುಭವ ಆಗತ್ತೆ. ಇಲ್ಲೊಂದು ಸಹಿ ಹಾಕು.”

“ಸಿಕ್ಕಿದ್ರೆ?”

“ಸಿಕ್ಕಿದಾಗ ನೋಡೋಣ. ಈಗ ಮನೆತನದ ಮಾನ ಹೋಗೋ ಹೊತ್ತು.”

ಅವಳು ನನ್ನನ್ನು ಒಂದು ಕ್ಷಣ ನೋಡಿ ಸಹಿ ಹಾಕಿದಳು. ಮುಂದಿನ ಎರಡು ವಾರದಲ್ಲಿ ಅವಳು ಮೂರು ಸಲ “ರೀ, ಆ ವಿಷ್ಯ...” ಎಂದು ಬಂದಳು. ನಾನು ಮೂರು ಸಲವೂ “ಸಭೆ ಮುಗೀಲಿ” ಎಂದೆ. ಒಟ್ಟು ಸಹಿ ಹನ್ನೊಂದಾದವು, ಅಜ್ಜಿಯದೂ ಸೇರಿ.

ಸಭೆಯ ದಿನ ಬಂತು. ಕಾಫಿ, ದಾಲ್ಚಿನ್ನಿ ಬನ್ನು ಎಲ್ಲರಿಗೂ ಹಂಚಿಕೆಯಾಗುವವರೆಗೆ ಈ ದೇಶದಲ್ಲಿ ಯಾವ ಸಭೆಯೂ ಶುರುವಾಗುವುದಿಲ್ಲ. ನಿವೇದಿತಾ ಹಂಚುತ್ತಿದ್ದಳು. ನಾನು ಎದ್ದು ನಿಂತೆ. ನಲವತ್ತೊಂದು ವರ್ಷದಲ್ಲಿ ಅಂಥ ಭಾಷಣ ನಾನು ಮಾಡಿರಲಿಲ್ಲ.

“ಬಂಧುಗಳೇ! ತಂಡ ಅಂದ್ರೆ ಸೂಟ್‌ಕೇಸ್ ಅಲ್ಲ, ಯಜಮಾನ ಹೋದಲ್ಲಿಗೆಲ್ಲ ಎತ್ಕೊಂಡು ಹೋಗೋದಕ್ಕೆ! ಅದಕ್ಕೂ ಬೇರು ಅಂತ ಇರತ್ತೆ. ಅದನ್ನ ಕೀಳೋ ಮೊದಲು, ನಿನಗೆ ಇಷ್ಟ ಇದೆಯಾ ಅಂತ ಯಾರಾದ್ರೂ ಒಂದು ಮಾತು ಕೇಳಿದ್ರಾ? ಮತ್ತೆ ಮತ್ತೆ ಕಿತ್ತು ನೆಟ್ರೆ ಯಾವ ಗಿಡ ತಾನೇ ಹೂ ಬಿಡತ್ತೆ?”

ನಮ್ಮ ಆಟಗಾರ ಸಂಕೇತ್ ಕಣ್ಣೊರೆಸಿಕೊಂಡ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು, ಕೆಟಲ್ ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ. ನನ್ನ ಎದೆ ಉಬ್ಬಿತು. ಅದೇ ಉಬ್ಬಿನಲ್ಲಿ, ನಾನೇ ಕರಡು ಬರೆದು ತಂದಿದ್ದ ಕಲಂ ಒಂಬತ್ತನ್ನು ಓದಿದೆ. ‘ತಂಡವು ಸೋಲ್ನಾವನ್ನು ಬಿಟ್ಟು ಕದಲತಕ್ಕದ್ದಲ್ಲ. ಸೋಲ್ನಾದಲ್ಲಿ ವಾಸವಿಲ್ಲದ ಯಾವ ವ್ಯಕ್ತಿಯೂ ಪದಾಧಿಕಾರಿಯಾಗಲೀ ಆಟಗಾರನಾಗಲೀ ಆಗಿರತಕ್ಕದ್ದಲ್ಲ. ಯಾವ ಕಾರಣಕ್ಕೂ ವಿನಾಯಿತಿ ಇರತಕ್ಕದ್ದಲ್ಲ.’

“ಸಾರ್, ಸ್ವಲ್ಪ ಜಾಸ್ತಿ ಆಯ್ತಲ್ವಾ?” ಎಂದ ಗೋಪೀನಾಥ.

“ಒಂದು ಡೌಟು” ಎಂದಳು ನಿವೇದಿತಾ ಹಿಂದಿನಿಂದ. “ಇದು ಅಧ್ಯಕ್ಷರಿಗೂ ಅನ್ವಯಿಸತ್ತಾ?”

“ಮೊದಲು ಅಧ್ಯಕ್ಷರಿಗೇ!” ಎಂದು ನಾನು ಮೇಜು ಗುದ್ದಿದೆ. ಕಲಂ ಒಂಬತ್ತು ಅವಿರೋಧವಾಗಿ ಅಂಗೀಕಾರವಾಯಿತು. ಅದನ್ನು ಬದಲಿಸಬೇಕಾದರೆ ಇನ್ನು ಎರಡು ವಾರ್ಷಿಕ ಸಭೆಗಳು ಒಪ್ಪಬೇಕು ಎಂಬ ಷರತ್ತನ್ನೂ ನಾನೇ ಸೇರಿಸಿದ್ದೆ.

ಮನೆಗೆ ಬಂದು ಸೋಫಾದ ಮೇಲೆ ವಿಜಯಿಯಂತೆ ಒರಗಿದೆ. ನಿವೇದಿತಾ ಒಂದು ಕಾಗದ ತಂದು ನನ್ನ ಹೊಟ್ಟೆಯ ಮೇಲಿಟ್ಟಳು. ಹೆಲ್ಸಿಂಗ್‌ಬೋರ್ಯ್‌ನ ಕಂಪನಿಯ ನೇಮಕಾತಿ ಪತ್ರ. ಆಗಸ್ಟ್ ಒಂದಕ್ಕೆ ಹಾಜರಾಗಬೇಕು.

“ಮಂಗಳವಾರ ಬಂತು. ಸೋಮವಾರದೊಳಗೆ ಉತ್ತರ ಕೊಡ್ಬೇಕು.”

“ಹೆಲ್ಸಿಂಗ್‌ಬೋರ್ಯ್ ಆಗಲ್ಲ ನಿವೇದಿತಾ, ನನ್ನ ತಂಡ...”

“ಪುಣೆಗೆ ಬಾ ಅಂದ್ರಿ, ಬ್ಯಾಂಕ್ ಕೆಲ್ಸ ಬಿಟ್ಟು ಬಂದೆ. ಎರಡು ವರ್ಷಕ್ಕೆ ಚೆನ್ನೈ ಅಂದ್ರಿ. ಅಲ್ಲಿ ಬೇರು ಬಿಡೋ ಹೊತ್ತಿಗೆ ಸೋಲ್ನಾ. ಮೂರು ರಾಜೀನಾಮೆ ಕೊಟ್ಟಿದೀನಿ ರೀ. ನಾನೇನು ಸೂಟ್‌ಕೇಸಾ, ಯಜಮಾನ ಹೋದಲ್ಲಿಗೆಲ್ಲ ಎತ್ಕೊಂಡು ಹೋಗೋದಕ್ಕೆ? ನಿನಗೆ ಇಷ್ಟ ಇದೆಯಾ ಅಂತ ಯಾರಾದ್ರೂ ಒಂದು ಮಾತು ಕೇಳಿದ್ರಾ?”

ಅಕ್ಷರಕ್ಕೆ ಅಕ್ಷರ ನನ್ನದೇ ಭಾಷಣ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಏನಾದರೂ ಉತ್ತರ ಹೇಳುತ್ತಿದ್ದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಹತ್ತೊಂಬತ್ತು ಸಲ ಸೋತಾಗಲೂ ಆಗದಷ್ಟು ನಾಚಿಕೆ ನನಗೆ ಆಗ ಆಯಿತು. ಎರಡು ತಲೆಯ ಹಕ್ಕಿಗಾಗಿ ಹನ್ನೊಂದು ಸಹಿ ಕೂಡಿಸಿದ ನಾನು ಇವಳಿಗಾಗಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನನ್ನ ಕೆಲಸವೋ, ವಾರಕ್ಕೆ ನಾಲ್ಕು ದಿನ ಮನೆಯಿಂದಲೇ ಮಾಡುವುದು. ಐದನೆಯ ದಿನ ಕೇಳಿದರೆ ಕೊಡುತ್ತಿದ್ದರು. ನೆಪ ಹೇಳಲು ಅದೂ ಇರಲಿಲ್ಲ.

“ಇಷ್ಟ ಇದೆಯಾ?” ಎಂದೆ, ಹದಿಮೂರು ವರ್ಷ ತಡವಾಗಿ.

“ತುಂಬಾ ಇದೆ ರೀ.”

“ಹಾಗಾದ್ರೆ ಸೋಮವಾರದ ತನಕ ಯಾಕೆ? ಈಗಲೇ ಬರಿ.”

ಪಕ್ಕದ ಕೋಣೆಯಿಂದ ಇರಾ ಇಣುಕಿದಳು. ಮನೆ ಬದಲಾಯಿಸುತ್ತೇವೆ ಎಂದೆ. “ಇಯೆನ್?” ಎಂದಳು.

ಮರುದಿನ ಗೋಪೀನಾಥನಿಗೆ ಫೋನು ಮಾಡಿ, ಕಲಂ ಒಂಬತ್ತನ್ನು ನನ್ನ ಮಟ್ಟಿಗೆ ಕೊಂಚ ಸಡಿಲಿಸಲು ಸಾಧ್ಯವೇ ಎಂದು ಸೂಕ್ಷ್ಮವಾಗಿ ಕೇಳಿದೆ. “ಯಾವ ಕಾರಣಕ್ಕೂ ವಿನಾಯಿತಿ ಇರತಕ್ಕದ್ದಲ್ಲ ಅಂತಿದೆ ಸಾರ್. ನಿಮ್ಮ ಕೈಬರಹದಲ್ಲೇ ಇದೆ” ಎಂದ. ಅವನ ದನಿಯಲ್ಲಿ ದುಃಖವಿತ್ತೆಂದು ಆಣೆಯಿಟ್ಟು ಹೇಳಲಾರೆ. ಸದಸ್ಯರು ಒಬ್ಬೊಬ್ಬರಾಗಿ ನಮ್ಮ ಮನೆಗೆ ಬಂದು ಹೋದರು. ನನ್ನನ್ನು ಬೀಳ್ಕೊಡಲು ಎಂದುಕೊಂಡಿದ್ದೆ, ದೋಸೆ ಹಿಟ್ಟಿನ ಅಳತೆ ಬರೆದುಕೊಳ್ಳಲು ಬಂದಿದ್ದರು. ಯೋರಾನ್ ನನ್ನ ಕೈ ಕುಲುಕಿ, ನಿವೇದಿತಾಳನ್ನು ತಬ್ಬಿಕೊಂಡು ಅತ್ತ.

ಹೆಲ್ಸಿಂಗ್‌ಬೋರ್ಯ್‌ಗೆ ಬಂದ ಮೊದಲ ಶನಿವಾರ. ಹೊಸ ಮನೆಯ ತುಂಬ ರಟ್ಟಿನ ಡಬ್ಬಗಳು. ಒಂದರಲ್ಲಿ ನನ್ನ ಬ್ಯಾಟ್ ಸಿಕ್ಕಿತು. ಅದನ್ನು ಹಿಡಿದು ಕಿಟಕಿಯ ಮುಂದೆ ನಿಂತು, ಅಲ್ಲಿ ನಾನಿಲ್ಲದ ಗಂಡಭೇರುಂಡ ಈಗ ಹೇಗೆ ಕಂಗಾಲಾಗಿ ಸೋಲುತ್ತಿರಬಹುದೆಂದು ನೆನೆದು ನಿಟ್ಟುಸಿರು ಬಿಟ್ಟೆ. ಫೋನು ಬಂತು. ಗೋಪೀನಾಥ.

“ಸಾರ್, ಗೆದ್ಬಿಟ್ವಿ! ಹನ್ನೊಂದು ನಾಲ್ಕು!”

ಬ್ಯಾಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. “ನನ್ನ ಜಾಗದಲ್ಲಿ ಯಾರು ಆಡಿದ್ರು?”

“ಒಬ್ರು ಕಮ್ಮಿ ಬಿದ್ರು ಸಾರ್. ಸಂಕೇತ್ ಅವರಮ್ಮ ಊರಿಂದ ಬಂದಿದಾರಲ್ಲ, ಮೂರು ತಿಂಗಳು ಸೋಲ್ನಾದಲ್ಲೇ ವಾಸ, ಕಲಂ ಒಂಬತ್ತರ ಪ್ರಕಾರ ಸರಿಹೋಯ್ತು. ಸೀರೆ ಸೊಂಟಕ್ಕೆ ಸಿಕ್ಕಿಸ್ಕೊಂಡು ಬಂದ್ರು. ಜನ್ಮದಲ್ಲಿ ಕ್ರಿಕೆಟ್ ಆಡಿದವರಲ್ಲ. ಹೊಡೀರಿ, ಬಿಸಾಕಿ, ಓಡಿ ಅಂತ ಯೋರಾನ್ ಹೇಳ್ಕೊಟ್ಟ. ಹೊಡೆದ್ರು, ಬಿಸಾಕಿದ್ರು, ಓಡಿದ್ರು! ಅವರನ್ನ ನೋಡಿ ನಾವೂ ಬಿಸಾಕಿ ಓಡಿದ್ವಿ. ಅಷ್ಟೇ ಸಾರ್ ಈ ಆಟ! ನಮಗೆ ಇಷ್ಟು ದಿನ ಹೊಳೆದಿರ್ಲಿಲ್ಲ. ಇನ್ನೊಂದು ವಿಷ್ಯ, ನೀವು ಊರು ಬಿಟ್ಟಿದ್ದಕ್ಕೆ ತಂಡ ಕೃತಜ್ಞತೆ ಸಲ್ಲಿಸಿ ಠರಾವು ಪಾಸ್ ಮಾಡಿದೆ. ಅವಿರೋಧವಾಗಿ.”

ಫೋನಿಟ್ಟೆ. ಇರಾ ಡಬ್ಬದ ಹಿಂದಿನಿಂದ ತಲೆಯೆತ್ತಿ ಬಾಯಿ ತೆರೆದಳು.

“ಇಲ್ಲ ಪುಟ್ಟಿ, ಗೆದ್ರಂತೆ” ಎಂದೆ, ಅವಳು ಕೇಳುವ ಮೊದಲೇ.

ನಿವೇದಿತಾ ನೆಲದ ಮೇಲೆ ಕೂತು ಮಂಚದ ಹಲಗೆಗಳನ್ನು ಹರಡಿಕೊಂಡು, ತನ್ನ ಹೊಸ ಕಂಪನಿಯ ಜೋಡಣೆ ನಕ್ಷೆಯನ್ನು ನೋಡುತ್ತಿದ್ದಳು. ನನ್ನ ಮುಖ ನೋಡಿ ಅವಳಿಗೆ ಎಲ್ಲವೂ ಅರ್ಥವಾಗಿರಬೇಕು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

“ರೀ, ಇನ್ನಾದ್ರೂ ಆ ಬ್ಯಾಟ್ ಕೆಳಗಿಡ್ತೀರಾ? ಈ ಕಡೆ ಹಲಗೆ ಹಿಡ್ಕೊಳ್ಳೋಕೆ ಒಬ್ರು ಬೇಕು.”

ಬ್ಯಾಟನ್ನು ಬಿಸಾಕಿ ಓಡಿದೆ.