ಮೌಶಿ ಪಾಸು ಮಾಡಿದ ಆ್ಯಪ್

ಮಲ್ಕಾಜ್‌ಗಿರಿಯ ನಮ್ಮ ಮೌಶಿಯ, ಅಂದರೆ ಚಿಕ್ಕಮ್ಮನ, ಕೈಗೆ ಹತ್ತಿದ ಆ್ಯಪ್ ದೇಶದಲ್ಲಿ ಯಾರ ಕೈಗಾದರೂ ಹತ್ತುತ್ತದೆ ಎಂದು ನಮ್ಮ ಆಫೀಸಿನಲ್ಲಿ ಆಗ ಎಲ್ಲರೂ ನಂಬಿದ್ದರು. ಮನೆಯ ಕಂಪ್ಯೂಟರಿನಲ್ಲಿ ತುಂಬಿಟ್ಟ ಹಾಡು, ಸಿನಿಮಾಗಳನ್ನು ಮೊಬೈಲಿಗೆ ತಂದು ತೋರಿಸುವ ಆ್ಯಪ್ ಅದು. ಕೋಡ್ ಬರೆಯುವವನು ನಾನು. ಈ ಕೆಲಸದಲ್ಲಿ ನಗುವಂಥದ್ದು ನಡೆಯುತ್ತಲೇ ಇರುತ್ತದೆ; ನಗಲು ಬಿಡುವು ಮಾತ್ರ ಇರುವುದಿಲ್ಲ.

ಗುಂಯ್ ಸದ್ದು

ನಮ್ಮ ಆಫೀಸು ಬಾಲಾನಗರದಲ್ಲಿ, ಒಂದು ಲೇತ್ ಶಾಪಿನ ಮೇಲೆ. ಪ್ರತಿ ಹಾಡಿನ ಹಿಂದೆ ಗುಂಯ್ ಎಂಬ ಸದ್ದು ಬರುತ್ತಿದೆ ಎಂದು ದೂರು ಬಂತು. ದೂರು ಕೊಟ್ಟವರು ನಾವೇ. ಕೋಡ್ ತಿದ್ದಿದೆ, ಮತ್ತೆ ತಿದ್ದಿದೆ. ಊಟದ ಹೊತ್ತಿನಲ್ಲಿ ಸದ್ದು ಇರುವುದಿಲ್ಲವೆಂದು ಮ್ಯಾನೇಜರ್ ಕಂಡುಹಿಡಿದರು. "ಆಗ ಸರ್ವರ್ ಮೇಲೆ ಭಾರ ಕಮ್ಮಿ," ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದರು.

ಒಂದು ದಿನ ಕೆಳಗಿನ ಲೇತ್ ಕೆಟ್ಟಿತು. ನಮ್ಮ ಆ್ಯಪ್ ರಿಪೇರಿಯಾಯಿತು.

ನೆಟ್‌ವರ್ಕ್ ಇಲ್ಲದ ಜಾಗ

ನೆಟ್‌ವರ್ಕ್ ಹೋದರೂ ಹಾಡು ನಿಲ್ಲಬಾರದು. ಇದನ್ನು ನೋಡಲು ನೆಟ್‌ವರ್ಕ್ ಇಲ್ಲದ ಜಾಗ ಬೇಕಿತ್ತು. ಮೆಟ್ರೋ ಹತ್ತಿ ದಿಲ್‌ಸುಖ್‌ನಗರದವರೆಗೆ ಹೋಗಿ ಬಂದೆ. ಎಲ್ಲೆಲ್ಲೂ ಸಿಗ್ನಲ್. ಅದನ್ನು ಹೇಳಲು ಮ್ಯಾನೇಜರರ ಕೋಣೆಗೆ ಕಾಲಿಟ್ಟೆ. ಹಾಡು ನಿಂತಿತು.

"ಇಲ್ಲಿ ಯಾವಾಗಲೂ ಹೀಗೇ," ಎಂದರು ಅವರು. "ಅದಕ್ಕೇ ರೇಡಿಯೊ ಇಟ್ಟುಕೊಂಡಿದ್ದೇನೆ."

ಮೂರು ಗೆರೆ

ಆ್ಯಪಿನ ಮುಖವೇ ಸರಿಯಿಲ್ಲ ಎಂದು ಆಮೇಲೆ ತೀರ್ಮಾನವಾಯಿತು. ಅಕ್ಷರ ತೆಗೆದು ಚಿತ್ರ ಹಾಕಬೇಕು, ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು. ಕೆಲಸ ಕಾಂಟ್ರಾಕ್ಟ್ ಮೇಲಿದ್ದ ಡಿಸೈನರ್ ಹುಡುಗಿಗೆ ಬಂತು. ಹೊಸ ರೂಪ ಗೆದ್ದರೆ ಅವಳ ನೌಕರಿ ಪರ್ಮನೆಂಟ್, ಸೋತರೆ ಆ ತಿಂಗಳಿಗೇ ಮುಗಿಯಿತು. ಅವಳು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಮೌಶಿಗೆ ಒಯ್ದು ತೋರಿಸಿದೆ. ಹಳೆಯ ಆ್ಯಪ್ ಮೌಶಿಯ ಫೋನಿನಲ್ಲಿ ಮೊದಲಿಂದಲೂ ಇತ್ತು.

"ಈ ಮೂರು ಗೆರಿ ಏನೋ? ವಿಭೂತಿ?"

"ಅಲ್ಲ ಮೌಶಿ. ಅದನ್ನ ಒತ್ತಿದ್ರ ಉಳಿದದ್ದೆಲ್ಲ ಒಳಗ ಐತಿ."

"ಬೇಕಾದದ್ದನ್ನ ಒಳಗ ಯಾಕ ಇಟ್ಟೀರಿ?"

"ಹೊರಗ ಚಂದ ಕಾಣಲಿ ಅಂತ."

"ಅಂದ್ರ ಮಂದಿ ಬರ್ತಾರಂತ ಸಾಮಾನೆಲ್ಲ ಮಂಚದ ಕೆಳಗ ನೂಕಿದಂಗ."

ಮೌಶಿಯ ಗಂಡ, ರೈಲ್ವೆಯಿಂದ ನಿವೃತ್ತರಾದ ಕಾಕಾ, ಪೇಪರಿನ ಹಿಂದಿನಿಂದಲೇ ಹೇಳಿದರು: "ಆಮ್ಯಾಲ ನನ್ನ ಚಶ್ಮಾ ಸಿಗಾಂಗಿಲ್ಲ."

ಇದನ್ನೆಲ್ಲ ಮ್ಯಾನೇಜರರಿಗೆ ಒಪ್ಪಿಸಿದೆ. "ಮಂಚದ ಉದಾಹರಣೆ ಕೊಟ್ಟರಾ? ಹಾಗಾದರೆ ಅವರಿಗೆ ಪೂರ್ತಿ ಅರ್ಥವಾಗಿದೆ," ಎಂದರು.

ಪರೀಕ್ಷೆ

ಹೊಸ ಆ್ಯಪನ್ನು ಆಫೀಸಿನಿಂದಲೇ ಮೌಶಿಯ ಫೋನಿಗೆ ಕಳಿಸಿದೆವು. ಪರೀಕ್ಷೆ ಕಟ್ಟುನಿಟ್ಟಾಗಿರಬೇಕೆಂದು ಮ್ಯಾನೇಜರರ ಆಜ್ಞೆ: ನಮ್ಮವರು ಯಾರೂ ಅವಳ ಬಳಿ ಇರಕೂಡದು, ಹೇಳಿಕೊಡಕೂಡದು. ಕಾಕಾರ ಫೋನಿಗೆ ಕರೆ ಮಾಡಿ ಸ್ಪೀಕರ್ ಹಾಕಿದೆವು. ಮಾಲೀಕರೂ ಬಂದು ಕೂತರು. ಡಿಸೈನರ್ ಹುಡುಗಿ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದಳು.

"ಮೌಶಿ, ನಿನ್ನ ಭಜನಿ ಹಚ್ಚು."

"ಆಗಲೇ ಹಚ್ಚೀನಲ್ಲೋ, ನಿಂಗ ಕೇಳವಲ್ದೇನು?"

ಕೇಳುತ್ತಿತ್ತು, ತಾಳದ ಸಮೇತ.

"ಏನರ ತ್ರಾಸ ಆತೇನು?"

"ಎಲ್ಲೀ ತ್ರಾಸ! ಆ ಕಾಗದ ನೋಡಿ ಅಂಜಿದ್ದೆ. ಆದ್ರ ಭಾಳ ಚಲೋ ಆಗೇತಿ ನೋಡು. ಕಣ್ಣು ಮುಚ್ಚಿ ಹಚ್ಚಬಹುದು. ಆ ಹುಡುಗಿಗೆ ಶಾಣ್ಯಾ ಅದಾಳ ಅಂತ ಹೇಳು."

ಕನ್ನಡ ಬಾರದ ಆಫೀಸಿನವರಿಗೆ ಅದನ್ನು ತೆಲುಗಿನಲ್ಲಿ ಹೇಳಿದೆ. ಮಾಲೀಕರು ಚಪ್ಪಾಳೆ ತಟ್ಟಿದರು. ಹುಡುಗಿಯ ನೌಕರಿ ಅಲ್ಲೇ ಪರ್ಮನೆಂಟ್ ಆಯಿತು, ಚಹಾ ಉಸ್ಮಾನಿಯಾ ಬಿಸ್ಕತ್ತು ಬಂದವು, ಹೊಸ ರೂಪ ಸಂಜೆಯೊಳಗೆ ಊರೆಲ್ಲ ಹೋಯಿತು.

ಭಾನುವಾರ ಹುಡುಗಿ ಕೊಟ್ಟ ಮಿಠಾಯಿ ಹಿಡಿದು ಮಲ್ಕಾಜ್‌ಗಿರಿಗೆ ಹೋದೆ. ಮೌಶಿ ಡಬ್ಬಿ ತೆಗೆದುಕೊಂಡು ಫೋನ್ ಕೊಟ್ಟಳು.

"ದಿನಾ ಏನೋ ಒಂದು ಚೀಟಿ ಬರಾಕತ್ತೈತಿ. ಸರಿಸಿ ಸರಿಸಿ ಸಾಕಾಗೇತಿ. ಏನದು ನೋಡು."

ನೋಡಿದೆ. ಫೋನಿನ ತುಂಬ ಗುಡ್ ಮಾರ್ನಿಂಗ್ ಚಿತ್ರಗಳು. ಜಾಗ ಸಾಲದೆ ಹೊಸ ಆ್ಯಪ್ ಆ ಫೋನಿಗೆ ಇಳಿದೇ ಇರಲಿಲ್ಲ.