ತರಬೇತಿ ಶಿಶು ಸಂಖ್ಯೆ ೧೧೮

ಮಗು ಸಾಕಿದ ಅನುಭವವಿಲ್ಲದವರು ಸಂಸಾರ ಹೂಡುವುದು ಅಪಾಯಕಾರಿಯಾದ ಕಾರಣ, ಜಾವಾದ ಸುಂಬರ್‌ಲಾವು ವಿವಾಹ ಕಚೇರಿಯು ಮದುವೆಯಾಗಬಯಸುವ ಪ್ರತಿ ಜೋಡಿಗೂ ಒಂದು ಸುಲಿಯದ ತೆಂಗಿನಕಾಯಿಯನ್ನು ನೀಡುತ್ತದೆ. ಇದು ತರಬೇತಿ ಶಿಶು. ನಲವತ್ತು ದಿನ ಸಾಕಿ ಕ್ಷೇಮವಾಗಿ ಹಾಜರುಪಡಿಸಿದವರಿಗೆ ಮಾತ್ರ ಅರ್ಹತಾಪತ್ರ. ಅರ್ಹತಾಪತ್ರವಿದ್ದವರಿಗೆ ಮಾತ್ರ ಮದುವೆ. ನಿಯಮದಲ್ಲಿ ಅಸ್ಪಷ್ಟವಾದುದು ಏನೂ ಇಲ್ಲ.

ಕಿನಾಸಿಹ್ ಮತ್ತು ಪಾಂಬುಡಿಯ ಪಾಲಿಗೆ ೧೧೮ನೇ ಶಿಶು ಬಂದಿತು. ಕಿನಾಸಿಹ್ ಅದನ್ನು ಬಾಟಿಕ್ ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಂಡೇ ಶಾಲೆಯಲ್ಲಿ ಗಣಿತ ಕಲಿಸಿದಳು. ಮಕ್ಕಳು ಯಾರೂ ನಗಲಿಲ್ಲ. ಅವರ ಅಕ್ಕಂದಿರೂ ಹೊತ್ತವರೇ.

ಮದುವೆ ಜಾವಾ ಪಂಚಾಂಗದ ಸುರೊ ಮಾಸಕ್ಕೆ ಎರಡು ದಿನ ಮೊದಲಿಗೆ ನಿಗದಿಯಾಗಿತ್ತು. ಸುರೊದಲ್ಲಿ ಯಾರೂ ಮದುವೆಯಾಗುವುದಿಲ್ಲ. ಆ ದಿನ ತಪ್ಪಿದರೆ, ಇಬ್ಬರ ಜನ್ಮವಾರಗಳನ್ನು ಕೂಡಿ ಕಳೆದು ಕಿನಾಸಿಹ್‌ಳ ಅಜ್ಜಿ ಕಂಡುಕೊಂಡಿದ್ದ ಮುಂದಿನ ಒಳ್ಳೆಯ ದಿನ ಹದಿನಾಲ್ಕು ತಿಂಗಳ ಆಚೆಗಿತ್ತು. ಅಜ್ಜಿಗೆ ಎಂಬತ್ತೇಳು ವರ್ಷ.

"ಅಲ್ಲೀತನಕ ನಾನಿರ್ತೀನಿ ಅಂತ ಯಾವ ಕಚೇರಿ ಬರ್ಕೊಟ್ಟಿದೆ, ಪುಟ್ಟಿ?" ಎಂದು ಅಜ್ಜಿ ಕೇಳಿದರು.

ಮೂವತ್ತೆರಡನೆಯ ದಿನದ ತಪಾಸಣೆಯಲ್ಲಿ ಶಿಶುವಿನ ತೂಕ ತೊಂಬತ್ತು ಗ್ರಾಂ ಇಳಿದಿತ್ತು. ಊರವರು ಗೌರವದಿಂದ 'ಪಾಕ್', ಅಂದರೆ ಅಪ್ಪ, ಎಂದು ಕರೆಯುವ ಕಚೇರಿಯ ಮುಖ್ಯಸ್ಥ ಪಾಕ್ ಮಾರ್ಗೊನೊ ಕನ್ನಡಕ ಏರಿಸಿ ಬೆಳವಣಿಗೆಯ ನಕ್ಷೆಯನ್ನು ನೋಡಿದರು.

"ಅಪೌಷ್ಟಿಕತೆ ಕಣಮ್ಮ. ಏನು ತಿನ್ನಿಸ್ತಿದ್ದೀಯ?"

"ತೆಂಗಿನಕಾಯಿಗೆ ಏನು ತಿನ್ನಿಸೋದು, ಪಾಕ್?"

"ನೋಡು, ಈ ಅಸಡ್ಡೆಯಿಂದಲೇ ತೂಕ ಇಳಿಯೋದು."

ಕೂಡಲೇ ಆದೇಶ ಹೊರಟಿತು: ಪೋಷಕರು ಪ್ರತಿದಿನ ಹೆಸರುಕಾಳಿನ ಪಾಯಸ, ಹನ್ನೆರಡು ಬೇಯಿಸಿದ ಮೊಟ್ಟೆ ಮತ್ತು ಒಂದು ಹುರಿದ ಕೋಳಿಯನ್ನು ಕಚೇರಿಗೆ ತಲುಪಿಸತಕ್ಕದ್ದು, ಶಿಶುವಿಗೆ ಹಲ್ಲು ಬಂದಿಲ್ಲವಾದ್ದರಿಂದ ಸಿಬ್ಬಂದಿಯು ಅದರ ಪರವಾಗಿ ಸೇವಿಸತಕ್ಕದ್ದು. ಆರು ದಿನಗಳಲ್ಲಿ ಪಾಕ್ ಮಾರ್ಗೊನೊ ಎರಡು ಕಿಲೋ ಹೆಚ್ಚಿದರು. ಆ ಹೆಚ್ಚಳವನ್ನು ೧೧೮ರ ನಕ್ಷೆಯಲ್ಲಿ ಗುರುತಿಸಿ, ಶಿಶು ಚೇತರಿಸಿಕೊಂಡಿದೆಯೆಂದು ಷರಾ ಬರೆಯಲಾಯಿತು.

ಮೂವತ್ತೆಂಟನೆಯ ದಿನ ಪಾಂಬುಡಿ ಏದುಸಿರು ಬಿಡುತ್ತ ಬಂದ.

"ಮೊಳಕೆ ಬಂದಿದೆ ಕಣೇ."

"ಯಾರಿಗೆ?"

"ನಮ್ಮ ಮಗೂಗೆ."

ಅವನು 'ಮಗು' ಎಂದದ್ದರಲ್ಲಿ ವಿಶೇಷವೇನೂ ಇಬ್ಬರಿಗೂ ಕಾಣಲಿಲ್ಲ.

ನಲವತ್ತನೆಯ ದಿನ, ಮದುವೆಗೆ ಎರಡು ದಿನವಿರುವಾಗ, ಪಾಕ್ ಮಾರ್ಗೊನೊ ಮೊಳಕೆಯನ್ನು ಬೆರಳಿಂದ ಮುಟ್ಟಿ ನಿಟ್ಟುಸಿರಿಟ್ಟರು.

"ಜೀವ ಬಂದ್ಬಿಟ್ಟಿದೆ. ಇನ್ನು ಜನನಪತ್ರ ಬೇಕು."

"ಕೊಡಿ," ಎಂದಳು ಕಿನಾಸಿಹ್.

"ಅದಕ್ಕೆ ತಂದೆತಾಯಿಯ ಮದುವೆಪತ್ರ ಬೇಕು."

"ಮದುವೆಗೆ ನಿಮ್ಮ ಅರ್ಹತಾಪತ್ರ ಬೇಕಲ್ಲ?"

"ಹೌದು. ಅರ್ಹತಾಪತ್ರಕ್ಕೆ ಮಗುವಿನ ಜನನಪತ್ರ ಬೇಕು. ಎಷ್ಟು ಅಚ್ಚುಕಟ್ಟಾಗಿದೆ ನೋಡಮ್ಮ, ಎಲ್ಲೂ ಒಂದು ಬಿರುಕಿಲ್ಲ. ಸುರೊ ಕಳೀಲಿ, ನೋಡೋಣ. ಮದುವೆಗೆ ಮೊದಲೇ ಮಗು ಮಾಡ್ಕೊಂಡವರಿಗೆ ಇಷ್ಟು ಅವಸರ ಒಳ್ಳೇದಲ್ಲ."

ಪಾಂಬುಡಿ ತಲೆ ತಗ್ಗಿಸಿದ. ಕಿನಾಸಿಹ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಪಾಕ್, ಈ ಕಾಯಿಗಳೆಲ್ಲ ಎಲ್ಲಿಂದ ಬರ್ತವೆ?"

"ಟೆಂಡರ್ ಮೂಲಕ."

"ಟೆಂಡರ್ ಗೆದ್ದಿದ್ದು ಯಾರ ಹಿತ್ತಲು?"

ಸಿಬ್ಬಂದಿಯು ಮೊಟ್ಟೆ ಸುಲಿಯುವುದನ್ನು ನಿಲ್ಲಿಸಿತು.

"ಮರ ನಿಮ್ಮದಾದ್ರೆ ತಂದೆ ಹೆಸರೂ ನಿಮ್ಮದೇ ಬರೀಬೇಕಾಗತ್ತೆ. ಇದಕ್ಕಷ್ಟೇ ಅಲ್ಲ, ಹಿಂದಿನ ನೂರಾ ಹದಿನೇಳಕ್ಕೂ. ಮನೇಲಿ ಅಮ್ಮಾವರಿಗೆ ನೀವೇ ಹೇಳ್ತೀರಾ, ನಾನೇ ಹೋಗಿ ಹೇಳ್ಲಾ?"

ಪಾಕ್ ಮಾರ್ಗೊನೊ ನಿಯಮಾವಳಿಯ ಕಡತದೊಂದಿಗೆ ಒಳಕೋಣೆಗೆ ಹೋದರು. ಒಳಗೆ ಟೈಪಿನ ಸದ್ದು ಕೇಳಿಸಿತು. ಬಳಿಕ ಅವರು ಹೊರಬಂದು, ಬಹುಕಾಲದಿಂದ ಜಾರಿಯಲ್ಲಿರುವ ೧೪(ಕ) ನಿಯಮವನ್ನು ಓದಿದರು: ಮೊಳಕೆಯೊಡೆದ ಶಿಶುವನ್ನು ಅವಿವಾಹಿತ ಜೋಡಿಯು ದತ್ತು ಪಡೆಯಬಹುದು, ಪಡೆದವರು ಜನನಪತ್ರವಿಲ್ಲದೆಯೇ ಎರಡು ದಿನಗಳೊಳಗೆ ಮದುವೆಯಾಗತಕ್ಕದ್ದು.

ಮದುವೆ ನಡೆಯಿತು. ಮುಂದಿನ ಸಾಲಿನಲ್ಲಿ ಅಜ್ಜಿ ೧೧೮ನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೊಣ ಓಡಿಸುತ್ತ ನೋಡಿದರು. ನಂತರ ಅದನ್ನು ಅಂಗಳದಲ್ಲಿ, ಕಿಟಕಿಯ ಪಕ್ಕ ನೆಡಲಾಯಿತು.

ಎರಡು ವರ್ಷಗಳ ಮೇಲೆ ಕಿನಾಸಿಹ್ ಹೆಣ್ಣುಮಗುವನ್ನು ಹೆತ್ತಳು. ದಾಖಲೆಯಲ್ಲಿ ಅದು ಎರಡನೆಯ ಸಂತಾನ. ಮನೆಗೆ ಬಂದ ದಾದಿ ಕುಟುಂಬದ ಪಟ್ಟಿಯನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿದಳು.

"ಒಂದು ಗಂಡು, ಒಂದು ಹೆಣ್ಣು. ಎರಡು ಸಾಕಮ್ಮ, ಇನ್ನು ನಿಲ್ಲಿಸ್ಬಿಡು."

"ಮೊದಲನೇದು ತೆಂಗಿನ..." ಎಂದು ಕಿನಾಸಿಹ್ ಧ್ವನಿ ಏರಿಸಿದಳು.

"ಸುಮ್ನಿರೇ," ಎಂದು ಅಜ್ಜಿ ಕಿಟಕಿಯತ್ತ ನೋಡಿದರು. "ಅವನಿಗೆ ಕೇಳಿಸತ್ತೆ."

ಕಿನಾಸಿಹ್ ಕಿಟಕಿಯತ್ತ ನೋಡಿ, ಧ್ವನಿ ತಗ್ಗಿಸಿದಳು.